ಟ್ರಯಲ್ ನೋಡದ ಗಾಡಿ

ಬಷೀರುನ್ನೀಸಾ ಮಗನ ಬೆನ್ನನ್ನು ಗುರುತು ಹಿಡಿದಳು. ಕೆಟ್ಟದ್ದು ಅಲ್ಲಿಂದ ಶುರುವಾಯಿತು.

ಅದು ಸುರಕ್ಷತಾ ಸಮಿತಿಯ ಸಭೆ. ಪೊಲೀಸರೂ ಜನರೂ ಒಂದಾಗಿ ಚಳ್ಳಕೆರೆಯನ್ನು ಕಾಯಬೇಕು ಎಂದು ಹುಟ್ಟಿದ ಸಮಿತಿ. ಗೋಡೆಯ ಮೇಲಿನ ದೊಡ್ಡ ಟಿ.ವಿ.ಯಲ್ಲಿ ಸಬ್ ಇನ್ಸ್‌ಪೆಕ್ಟರ್ ಒಂದೊಂದಾಗಿ ಚಿತ್ರ ತೋರಿಸುತ್ತಿದ್ದರು. ಹೊಸ ಕ್ಯಾಮೆರಾ ಹಿಡಿದ ಚಿತ್ರಗಳು. ಅದೇ ಬೀದಿ, ಅದೇ ಹುಡುಗ. ಬೈಕು ಮಾತ್ರ ಬೇರೆ ಬೇರೆ. ಒಂದು ದಿನ ಕೆಂಪು, ಇನ್ನೊಂದು ದಿನ ಕಪ್ಪು. ಮುಖ ಕಾಣುತ್ತಿರಲಿಲ್ಲ, ಬೆನ್ನು ಕಾಣುತ್ತಿತ್ತು.

"ದಿನಕ್ಕೊಂದು ಬೈಕು. ಆ ತುದಿಗೆ ಹೋಗ್ತಾನೆ, ಈ ತುದಿಗೆ ಬರ್ತಾನೆ. ರೋಡ್ ಹಂಪಿನ ಹತ್ರ ಬ್ರೇಕ್ ಹಾಕಿ ನಿಲ್ತಾನೆ. ಇದೇ ಬೀದೀಲಿ ಒಬ್ಬ ಹೆಂಗಸಿನ ಕೊರಳಿಂದ ಸರ ಕಿತ್ಕೊಂಡು ಹೋಗಿದ್ದಾರೆ. ನಿಮ್ಮ ಸಹಕಾರ ಬೇಕು. ಯಾರಿವನು?"

ಕೊನೆಯ ಸಾಲಿನಲ್ಲಿ ಬಷೀರುನ್ನೀಸಾ ಎದ್ದು ನಿಂತಳು. ಅವಳ ಮುಖದಲ್ಲಿ ನಗು ಇತ್ತು. ಆ ಅಂಗಿಯ ಹೆಗಲಿಗೆ ತೇಪೆ ಹಾಕಿದವಳು ಅವಳೇ. ಇಷ್ಟು ಜನ ದೊಡ್ಡವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿರುವುದು ತನ್ನ ಮಗನನ್ನು ಎಂದು ಅವಳಿಗೆ ಒಂದು ಗಳಿಗೆ ಹೆಮ್ಮೆಯೇ ಆಯಿತು.

"ಇವ್ನಾ? ಇವ್ನು ನನ್ನ ಮಗ ಸಾರ್. ತಾರಿಕ್. ಬುಡೇನ್ ಸಾಬ್ ಗ್ಯಾರೇಜಲ್ಲಿ ಮೆಕ್ಯಾನಿಕ್ಕು. ರಿಪೇರಿ ಆದ ಗಾಡಿ ಟ್ರಯಲ್ ನೋಡ್ತಾನೆ."

ಮೊದಲಿನ ಮಾತು ಎಲ್ಲರಿಗೂ ಕೇಳಿಸಿತು. ಕೊನೆಯ ಮಾತು ಯಾರಿಗೂ ಬೇಕಿರಲಿಲ್ಲ. ಸಬ್ ಇನ್ಸ್‌ಪೆಕ್ಟರು ಬಾಗಿಲ ಬಳಿ ನಿಂತಿದ್ದ ಕಾನ್‌ಸ್ಟೇಬಲ್ ಮಹಾಂತೇಶನ ಕಡೆ ನೋಡಿದರು. ಮಹಾಂತೇಶ ಟೋಪಿ ಸರಿಮಾಡಿಕೊಂಡು ಹೊರಗೆ ಹೋದ. ಆಮೇಲೆ ಸಭೆಗೆ ಟೀ ಬಂತು.

ಅವಳು ಈ ಸಮಿತಿಗೆ ಬಂದದ್ದೇ ಒಂದು ಕಥೆ. ಬಷೀರುನ್ನೀಸಾ ವಿಶ್ವನಾಥ್ ಸಾಹುಕಾರರ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಬೀಜ ಆರಿಸುವವಳು. ಬೆಳಿಗ್ಗೆ ಅಂಗಳದಲ್ಲಿ ಕೂತರೆ ಸಂಜೆ ಮಂಡಿ ಹಿಡಿದುಕೊಂಡೇ ಏಳಬೇಕು. ಕಲ್ಲು ಒಂದು ಕಡೆ, ಜೊಳ್ಳು ಒಂದು ಕಡೆ, ಬೂಸಲು ಹಿಡಿದದ್ದು ಇನ್ನೊಂದು ಕಡೆ. ಹೊಟ್ಟಿನ ಧೂಳು ಗಂಟಲಿಗಿಳಿದು ಕೆಮ್ಮು ಮನೆಯವರೆಗೂ ಜೊತೆಗೆ ಬರುತ್ತಿತ್ತು. ಉಗುರಿನ ಸಂದು ಸೀಳಿ ಉಪ್ಪು ಮುಟ್ಟಿದರೆ ಜೀವ ಹೋಗುತ್ತಿತ್ತು. ಗಂಡ ಸತ್ತ ಮೇಲೆ ತಾರಿಕ್‌ನನ್ನು ಬೆಳೆಸಿದ್ದು ಈ ಬೆರಳುಗಳು.

ಸಮಿತಿಗೆ ಸಾಹುಕಾರರೇ ಅಧ್ಯಕ್ಷರು. ಕ್ಯಾಮೆರಾಗಳೂ ಅವರ ಕೊಡುಗೆಯೇ. ಕೊಟ್ಟವರ ಬೀದಿಗೆ ಮೊದಲು ಹಾಕುವುದು ಧರ್ಮವಲ್ಲವೇ, ಅವರ ಬೀದಿಗೇ ಮೊದಲು ಹಾಕಿದರು. ಸಮಿತಿಯಲ್ಲಿ ಸಾಬರೂ ಇರಬೇಕು, ಹೆಂಗಸರೂ ಇರಬೇಕು ಎಂದು ಮೇಲಿನಿಂದ ಹೇಳಿದ್ದರಂತೆ. ಎರಡೂ ಒಬ್ಬಳಲ್ಲೇ ಸಿಕ್ಕರೆ ಒಂದು ಕುರ್ಚಿ ಉಳಿಯುತ್ತದೆ. ಸಾಹುಕಾರರು ಮಿಲ್ಲಿನ ಅಂಗಳಕ್ಕೆ ಬಂದು ಬೀಜದ ರಾಶಿಯ ಆಚೆಯಿಂದಲೇ ಕರೆದರು.

"ಬಷೀರಮ್ಮ, ಸಮಿತಿಗೆ ನಿನ್ನ ಹೆಸರು ಕೊಟ್ಟೀನಿ. ಬಾಯಿ ಮುಚ್ಕೊಂಡು ಕೂತಿದ್ರೆ ಸಾಕು."

ಮೊದಲ ಸಭೆಯಲ್ಲಿ ಹೊಳೆಯುವ ಪಟ್ಟಿಯ ಹಸಿರು ಜಾಕೆಟ್ಟು ಕೊಟ್ಟರು. ಬೆನ್ನ ಮೇಲೆ 'ಪೊಲೀಸ್ ಮಿತ್ರ' ಎಂದು ಬರೆದಿತ್ತು. ಫೋಟೋ ತೆಗೆಯುವಾಗ ಅವಳನ್ನು ಮುಂದಿನ ಸಾಲಿಗೆ ಎಳೆದು ನಿಲ್ಲಿಸಿದರು. ಫೋಟೋ ಮುಗಿದ ಮೇಲೆ ಟೀ ತಟ್ಟೆಯನ್ನು ಅವಳ ಕೈಗೇ ಕೊಟ್ಟು ಎಲ್ಲರಿಗೂ ಹಂಚಲು ಹೇಳಿದರು. ಅವಳು ಹಂಚಿದಳು. ಆದರೂ ಸುಳ್ಳು ಯಾಕೆ ಹೇಳಬೇಕು, ಆ ಜಾಕೆಟ್ಟು ಅವಳಿಗೆ ಇಷ್ಟವಾಗಿತ್ತು. ಸೀರೆಯ ಮೇಲೆ ಅದನ್ನು ಹಾಕಿಕೊಂಡು ಬೀದಿಯಲ್ಲಿ ನಡೆದರೆ ಯಾವತ್ತೂ "ಏಯ್" ಎನ್ನುತ್ತಿದ್ದ ಪೊಲೀಸರು "ಅಮ್ಮ" ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ಸಿಗದ ಮರ್ಯಾದೆ ಒಂದು ಬಟ್ಟೆಯಲ್ಲಿ ಸಿಕ್ಕಿತೆಂದು ಅವಳು ನಂಬಿದ್ದಳು.

ಅವಳ ಅಣ್ಣ ಬುಡೇನ್ ಸಾಬ್‌ಗೆ ಬಸ್ ಸ್ಟ್ಯಾಂಡ್ ಹಿಂದೆ ಗ್ಯಾರೇಜಿತ್ತು. ಟ್ರಯಲ್ ನೋಡದೆ ಗಾಡಿ ಕೊಡುವುದು ಹರಾಮು ಎನ್ನುವವನು ಅವನು. ಬ್ರೇಕ್ ಬಿಗಿ ಮಾಡಿದರೆ ಸಾಲದು, ಓಡಿಸಿ ಹಿಡಿದು ನೋಡಬೇಕು. ಅದಕ್ಕೆ ಹೇಳಿಮಾಡಿಸಿದ ಜಾಗ ಸಾಹುಕಾರರ ಬೀದಿ. ಹೊಸ ಕಾಂಕ್ರೀಟು, ಜನ ಇಲ್ಲ, ಎರಡೂ ತುದಿಗೆ ಹಂಪು. ಊರಿನ ಮೆಕ್ಯಾನಿಕ್ಕುಗಳೆಲ್ಲ ಅಲ್ಲೇ ಟ್ರಯಲ್ ನೋಡುತ್ತಿದ್ದರು. ಬುಡೇನ್ ಸಾಬ್ ಗ್ಯಾರೇಜಿನ ಟ್ರಯಲ್ ಕೆಲಸ ತಾರಿಕ್‌ನದು. ಗಾಡಿಯ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾನೆಂದು ಮಾವನಿಗೆ ಅವನ ಮೇಲೆ ಪ್ರೀತಿ.

ಆ ದಿನ ಸಭೆ ಮುಗಿಸಿ ಅವಳು ಗ್ಯಾರೇಜಿಗೆ ಬರುವಷ್ಟರಲ್ಲಿ ಮಗನನ್ನು ಜೀಪಿಗೆ ಹತ್ತಿಸಿ ಆಗಿತ್ತು. ನೆಲದ ಮೇಲೆ ಬಿಚ್ಚಿದ ಚೈನು ಹಾಗೇ ಬಿದ್ದಿತ್ತು.

"ನಮ್ಮವ್ವನೇ ಹೇಳಿದ್ಳಾ ಅಂತ ತಾರಿಕ್ ಕೇಳ್ದ," ಎಂದ ಬುಡೇನ್ ಸಾಬ್. ಅವನು ತಂಗಿಯ ಮುಖ ನೋಡಲಿಲ್ಲ. "ಹೌದು ಕಣೋ, ನಿಮ್ಮವ್ವನೇ ಅಂದ್ರು ಪೊಲೀಸ್ರು. ಆಮೇಲೆ ಸುಮ್ನೆ ಜೀಪ್ ಹತ್ತಿದ."

ಅವಳ ಜಾಕೆಟ್ಟು ಇನ್ನೂ ಮೈಮೇಲಿತ್ತು.

ಠಾಣೆಯಲ್ಲಿ ಆ ಜಾಕೆಟ್ಟು ಅವಳನ್ನು ಒಳ ಬಾಗಿಲವರೆಗೆ ಬಿಟ್ಟಿತು. ಅದರಾಚೆ ಬಿಡಲಿಲ್ಲ. "ಅರೆಸ್ಟ್ ಅಲ್ಲಮ್ಮ, ವಿಚಾರಣೆಗೆ ಕರೆಸಿದೀವಿ," ಎಂದರು. ಮರುದಿನವೂ ಅದೇ ಮಾತು. ಅದರ ಮರುದಿನವೂ ಅದೇ. ಅರೆಸ್ಟ್ ಅಲ್ಲವಾದ್ದರಿಂದ ಜಡ್ಜ್ ಮುಂದೆ ನಿಲ್ಲಿಸಬೇಕಿಲ್ಲ. ಜಡ್ಜ್ ಮುಂದೆ ನಿಲ್ಲಿಸಬೇಕಿಲ್ಲವಾದ್ದರಿಂದ ಮೈಮೇಲಿನ ಬಾಸುಂಡೆಯನ್ನು ಯಾರೂ ನೋಡಬೇಕಿಲ್ಲ. ಅವರ ಲೆಕ್ಕ ಸರಿಯಾಗಿತ್ತು.

ಪೇಪರಿನಲ್ಲಿ ಸುದ್ದಿ ಬಂತು. 'ಮಗನನ್ನೇ ಹಿಡಿದುಕೊಟ್ಟ ತಾಯಿ.' ಪಕ್ಕದಲ್ಲಿ ಜಾಕೆಟ್ಟು ಹಾಕಿದ ಅವಳ ಫೋಟೋ. ನಲ್ಲಿಯ ಹತ್ತಿರ ಅವಳು ಕೊಡ ಇಟ್ಟರೆ ಹೆಂಗಸರು ತಮ್ಮ ಕೊಡವನ್ನು ದೂರ ಸರಿಸಿದರು. ಮನೆಯ ಬಾಗಿಲಿಗೆ ಯಾರೋ ಇದ್ದಿಲಿನಿಂದ 'ಮುಖ್ಬಿರ್' ಎಂದು ಬರೆದುಹೋದರು. ಪೊಲೀಸರಿಗೆ ಕಿವಿ ಊದುವವಳು ಎಂದು ಅರ್ಥ. ಅವಳು ನೀರು ಹಾಕಿ ತಿಕ್ಕಿದಳು. ಇದ್ದಿಲು ಹೋಯಿತು, ಕಲೆ ಉಳಿಯಿತು.

ಸರ ಕಳೆದುಕೊಂಡವಳು ಮೊಳಕಾಲ್ಮೂರಿನ ನೇಕಾರಳು, ಹೆಸರು ಲಕ್ಷ್ಮಕ್ಕ, ಎಂದು ಪೇಪರಿನಲ್ಲೇ ಇತ್ತು. ನೆಂಟರ ಮದುವೆಗೆಂದು ಚಳ್ಳಕೆರೆಗೆ ಬಂದಾಗ ಆದದ್ದು. ಬಷೀರುನ್ನೀಸಾ ಮಿಲ್ಲಿಗೆ ರಜೆ ಹೇಳದೆ ಬಸ್ಸು ಹತ್ತಿದಳು. ತಳಕು ದಾಟಿ, ಹಾನಗಲ್ ದಾಟಿ, ಮೊಳಕಾಲ್ಮೂರಿನ ಬಂಡೆಗಳು ಕಾಣುವವರೆಗೂ ಅವಳು ಒಂದೇ ಮಾತನ್ನು ಮನಸ್ಸಿನಲ್ಲಿ ಹೊರಳಿಸುತ್ತಿದ್ದಳು. ಕಾಲು ಹಿಡಿಯುತ್ತೇನೆ, ಅವನಲ್ಲ ಅಂತ ಹೇಳಮ್ಮ ಎನ್ನುತ್ತೇನೆ.

ಕಾಲು ಹಿಡಿಯಲು ಆಗಲಿಲ್ಲ. ಲಕ್ಷ್ಮಕ್ಕನ ಕಾಲುಗಳು ಮಗ್ಗದ ಗುಂಡಿಯೊಳಗಿದ್ದವು. ಲಾಳಿ ಆ ಕಡೆ ಈ ಕಡೆ ಓಡುತ್ತಿತ್ತು. ಕೊರಳಲ್ಲಿ ಅರಿಶಿನದ ದಾರ ಮಾತ್ರ. ಬಂದವಳು ಯಾರೆಂದು ತಿಳಿದ ಮೇಲೆ ಲಾಳಿ ನಿಂತಿತು.

"ಅಯ್ಯೋ ತಲ್ಲಿ, ನಾನು ಆವತ್ತೇ ಹೇಳ್ದೆ, ಈ ಹುಡ್ಗ ಅಲ್ಲ ಅಂತ," ಎಂದಳು ಲಕ್ಷ್ಮಕ್ಕ, ತೆಲುಗು ಬೆರೆತ ಕನ್ನಡದಲ್ಲಿ. "ಜೀಪಲ್ಲಿ ಕರ್ಕೊಂಡೋಗಿ ತೋರ್ಸಿದ್ರು. ನನ್ನ ಸರ ಕಿತ್ತೋನು ದಪ್ಪಗಿದ್ದ, ತಲೆ ಮೇಲೆ ಹೆಲ್ಮೆಟ್ಟು. ನಿನ್ನ ಮಗ ನನ್ ಮಗ್ಗದ ಕಡ್ಡಿಯಂಗವ್ನೆ. ಅವನಲ್ಲ ಸಾರ್ ಅಂದೆ. ಕೂತ್ಕೊಂಡು ಯೋಚ್ನೆ ಮಾಡು ಅಂದ್ರು. ಅವನಲ್ಲ ಅಂದ್ರೆ ನಿನ್ನ ಸರ ಸಿಗಂಗಿಲ್ಲ ಅಂದ್ರು. ಸಿಗದಿದ್ರೆ ಪೋನೀ, ಹೋಗ್ಲಿ ಸಾರ್, ಅವನಲ್ಲ ಅಂದೆ."

"ಬರ್ಕೊಂಡ್ರಾ ಅಕ್ಕಾ?"

"ಏನೋ ಬರ್ಕೊಂಡ್ರು. ನಾನು ಹೇಳಿದ್ದನ್ನೇ ಬರ್ಕೊಂಡ್ರೋ ಅವ್ರಿಗೆ ಬೇಕಾದ್ದನ್ನೋ, ನಂಗೇನು ಗೊತ್ತು."

ಲಕ್ಷ್ಮಕ್ಕ ಅವಳಿಗೆ ಊಟಕ್ಕಿಟ್ಟಳು. ಇಬ್ಬರೂ ಮಗ್ಗದ ಪಕ್ಕ ಕೂತು ಮುದ್ದೆ ಉಂಡರು. ಹೊರಡುವಾಗ ಲಕ್ಷ್ಮಕ್ಕ ಹೇಳಿದಳು. "ನಿನ್ನ ಮಗನ ಕೈ ನೋಡ್ದೆ ತಲ್ಲಿ. ಊದ್ಕೊಂಡಿತ್ತು. ಕೈಯಾಗೆ ಕೆಲ್ಸ ಮಾಡೋರ ಕೈಗೇ ಯಾಕೆ ಹೊಡೀತಾರೋ."

ಊರಿಗೆ ಮರಳಿದ ದಿನ ಸಂಜೆಯೇ ಸಬ್ ಇನ್ಸ್‌ಪೆಕ್ಟರ್ ಅವಳನ್ನು ಠಾಣೆಗೆ ಕರೆಸಿದರು. ಅವಳಿಗೆ ಕುರ್ಚಿ ಕೊಟ್ಟರು. ವಿಶ್ವನಾಥ್ ಸಾಹುಕಾರರು ಪಕ್ಕದ ಕುರ್ಚಿಯಲ್ಲಿದ್ದರು. ಮಿಲ್ಲಿನಲ್ಲಿ ಅವರ ಎದುರು ಒಮ್ಮೆಯೂ ಕುರ್ಚಿಯಲ್ಲಿ ಕೂರದ ಬಷೀರುನ್ನೀಸಾಗೆ ಆ ಕುರ್ಚಿಯೇ ಭಯ ಹುಟ್ಟಿಸಿತು.

"ಶುಕ್ರವಾರ ಸಮುದಾಯ ಭವನದಲ್ಲಿ ಕಾರ್ಯಕ್ರಮ ಐತಮ್ಮ. ಜಿಲ್ಲೆಯಿಂದ ದೊಡ್ಡ ಸಾಹೇಬ್ರು ಬರ್ತಾರೆ. ನಿನಗೆ ಸನ್ಮಾನ," ಎಂದರು ಸಬ್ ಇನ್ಸ್‌ಪೆಕ್ಟರ್.

"ನನಗ್ಯಾಕೆ ಸಾರ್?"

"ಮಗ ಅಂತ ನೋಡದೆ ಕಾನೂನಿಗೆ ಸಹಕಾರ ಕೊಟ್ಟಿದ್ದೀಯಲ್ಲ. ಇಂಥ ತಾಯಂದಿರು ಬೇಕು. ಮೈಕಲ್ಲಿ ಎರಡು ಮಾತು ಹೇಳು. ಮಗ ದಾರಿ ತಪ್ಪಿದ್ದ, ಪೊಲೀಸರು ಸರಿ ಮಾಡಿದ್ರು, ಅಷ್ಟೇ. ಸಾಹೇಬ್ರು ಖುಷಿಯಾದ್ರೆ ಸಣ್ಣ ಕೇಸು ಹಾಕಿ ಜಾಮೀನು ಕೊಡಿಸ್ತೀವಿ."

"ಹೇಳದಿದ್ರೆ?"

ಸಬ್ ಇನ್ಸ್‌ಪೆಕ್ಟರು ಮೇಜಿನ ಮೇಲಿನ ಪೆನ್ನನ್ನು ನೆಟ್ಟಗೆ ಇಟ್ಟರು. "ಈ ತಾಲ್ಲೂಕಲ್ಲಿ ಹೋದ ಸರ ಎಲ್ಲಾ ಅವನ ಕೊರಳಿಗೇ ಬೀಳ್ತವೆ. ನಿಧಾನಕ್ಕೆ ಯೋಚನೆ ಮಾಡು."

"ನಿನ್ನ ಒಳ್ಳೇದಕ್ಕೇ ಹೇಳ್ತಿದಾರೆ ಬಷೀರಮ್ಮ," ಎಂದರು ಸಾಹುಕಾರರು.

ಅವಳಿಗೆ ಮಗನನ್ನು ನೋಡಲು ಬಿಟ್ಟರು. ಸರಳಿನಾಚೆ ತಾರಿಕ್ ಗೋಡೆಗೊರಗಿ ಕೂತಿದ್ದ. ಅಂಗೈಗಳನ್ನು ಮೇಲಕ್ಕೆ ಮಾಡಿ ತೊಡೆಯ ಮೇಲಿಟ್ಟುಕೊಂಡಿದ್ದ. ಅವು ನೀಲಿಗಟ್ಟಿದ್ದವು.

"ಅಮ್ಮಿ, ಬೆರಳು ಮಡಚೋಕೆ ಬರ್ತಿಲ್ಲ," ಎಂದ ಉರ್ದುವಿನಲ್ಲಿ. ಆಮೇಲೆ ದನಿ ತಗ್ಗಿಸಿದ. "ಆ ಕಪ್ಪು ಬೈಕು ಮಹಾಂತೇಶಣ್ಣಂದು. ಟಿ.ವಿ.ಲಿ ತೋರಿಸಿದ್ರಂತಲ್ಲ, ಅದೇ. ಪುಕ್ಕಟೆ ಮಾಡಿಸ್ಕೊಂಡಿದ್ದ ನಮ್ಮತ್ರ. ಅವನೆದುರಿಗೇ ಹೇಳ್ದೆ, ಅಣ್ಣಾ ನೀನೇ ಹೇಳು ಅಂತ. ಅವನು ಗೋಡೆ ನೋಡ್ದ. ಹಂಗೆ ಹೇಳಿದ್ದಕ್ಕೇ ಜಾಸ್ತಿ ಹೊಡೆದ್ರು."

ಅವಳು ಸರಳಿನ ಮೂಲಕ ಕೈ ಚಾಚಿದಳು. ಮುಟ್ಟುವುದು ಎಲ್ಲಿ ಎಂದು ತಿಳಿಯಲಿಲ್ಲ. ಮೊಣಕೈ ಮುಟ್ಟಿದಳು.

"ನಾನು ನಿನ್ನ ಹೆಸರು ಹೇಳಬಾರದಿತ್ತು ಬೇಟಾ."

"ಅದನ್ನ ಬಿಡು ಅಮ್ಮಿ. ಹೊರಗಿನ ಮಾತೆಲ್ಲಾ ಕೇಳಿಸ್ತು. ಅವರು ಏನು ಹೇಳು ಅಂತಾರೋ ಹೇಳಿಬಿಡು. ಸನ್ಮಾನ ಮಾಡಿದ್ರೆ ಮಾಡಿಸ್ಕೋ. ನಂಗೆ ಹೊರಗೆ ಬರಬೇಕು."

ಹೇಳಿಬಿಡುತ್ತೇನೆ ಎಂದೇ ಅವಳು ಮನೆಗೆ ಬಂದಳು. ಎರಡು ಮಾತು. ನಾಲಿಗೆ ಅಲ್ಲಾಡಿಸಿದರೆ ಮಗ ಮನೆಯಲ್ಲಿರುತ್ತಾನೆ. ಬುಡೇನ್ ಸಾಬ್ ಬಂದು ಬಾಗಿಲಲ್ಲಿ ನಿಂತ. ಸಮಿತಿಯವರು ಗಸ್ತಿಗೆಂದು ಹಳೆಯ ಬೈಕುಗಳನ್ನು ಅವನ ಗ್ಯಾರೇಜಿನಲ್ಲಿ ತಂದು ನಿಲ್ಲಿಸಿದ್ದರು. ಶುಕ್ರವಾರದ ಹೊತ್ತಿಗೆ ರೆಡಿ ಮಾಡು, ಇದು ನಿಮ್ಮ ಜನದ ಸೇವೆ ಎಂದಿದ್ದರು.

"ಹಗಲೆಲ್ಲಾ ಅದೇ ಕೆಲಸ ಮಾಡ್ತಿದೀನಿ," ಎಂದ ಬುಡೇನ್ ಸಾಬ್. "ನಮ್ಮ ಹುಡುಗನ್ನ ಹೊಡೆದೋರು ಕೂತ್ಕೊಳ್ಳೋ ಗಾಡಿಗೆ ನಾನೇ ಗ್ರೀಸ್ ಹಾಕ್ತಿದೀನಿ. ನೀನು ಹೇಳಬೇಕಾದ್ದು ಹೇಳು. ನಿನ್ನನ್ನ ಬೈಯೋಕೆ ನನಗೇನು ಬಾಯೈತೆ."

ಶುಕ್ರವಾರ ಸಮುದಾಯ ಭವನದ ಬಾಗಿಲಿಗೆ ಬಲೂನು ಕಟ್ಟಿದ್ದರು. ಅಂಗಳದಲ್ಲಿ ಗಸ್ತಿನ ಬೈಕುಗಳು ಸಾಲಾಗಿ ನಿಂತಿದ್ದವು. ಹೊಸ ಬಣ್ಣ, ಹಾರ, ಹ್ಯಾಂಡಲ್ಲಿಗೆ ಹಸಿರು ರಿಬ್ಬನ್. ಬುಡೇನ್ ಸಾಬ್ ಅವುಗಳ ಪಕ್ಕ ಕೈಕಟ್ಟಿ ನಿಂತಿದ್ದ. ಹಳ್ಳಿಗಳಿಂದ ಕರೆತಂದ ಜನ, ಶಾಲೆಯ ಮಕ್ಕಳು, ಮಿಲ್ಲಿನ ಹೆಂಗಸರು ಒಳಗೆ ತುಂಬಿದ್ದರು. ಮಿಲ್ಲಿಗೆ ಅರ್ಧ ದಿನ ರಜೆ ಕೊಟ್ಟಿದ್ದೇ ಚಪ್ಪಾಳೆಗೆ.

ಬಷೀರುನ್ನೀಸಾ ಜಾಕೆಟ್ಟು ಹಾಕಿಕೊಂಡು ವೇದಿಕೆಯ ಕೊನೆಯ ಕುರ್ಚಿಯಲ್ಲಿ ಕೂತಿದ್ದಳು. ದೊಡ್ಡ ಸಾಹೇಬರು ಮಾತಾಡಿದರು. ಪೊಲೀಸರ ಕಣ್ಣು ಮತ್ತು ಜನರ ಕಣ್ಣು ಒಂದಾದರೆ ಅಪರಾಧಿಗೆ ಅಡಗಲು ಜಾಗವಿಲ್ಲ ಎಂದರು. ಚಪ್ಪಾಳೆ ಬಿತ್ತು. ಆಮೇಲೆ ವಿಶ್ವನಾಥ್ ಸಾಹುಕಾರರು ಮೈಕು ಹಿಡಿದರು.

"ಈ ತಾಯಿಯನ್ನ ನೋಡಿ. ಹೊಟ್ಟೇಲಿ ಹುಟ್ಟಿದ್ದು ಕಳ್ಳ ಅಂತ ಗೊತ್ತಾದ ಕೂಡಲೇ..."

ಅಲ್ಲಿಯವರೆಗೂ ಅವಳ ಬಾಯಲ್ಲಿ ಆ ಎರಡು ಮಾತು ಸಿದ್ಧವಾಗಿದ್ದವು. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳು. 'ಕಳ್ಳ' ಎಂದು ಕೇಳಿದ ಮೇಲೆ ಅವಳು ಅವನ್ನು ಇನ್ನೊಮ್ಮೆ ತೂಗಿ ನೋಡಿದಳು. ಇವರು ನೂರು ಸಲ ಕಳ್ಳ ಎಂದರೂ ಅದು ಇವರ ಮಾತು. ತಾನು ಒಂದು ಸಲ ಎಂದರೆ ಅದು ಸಾಯುವವರೆಗೂ ತಾರಿಕ್‌ನ ಹೆಸರು. ನಾಳೆ ಇನ್ನೊಂದು ಸರ ಹೋದರೂ ಜೀಪು ಅವನ ಬಾಗಿಲಿಗೇ ಬರುತ್ತದೆ. ಅವನ ತಾಯಿಯೇ ಹೇಳಿದ್ದಾಳಲ್ಲ ಎನ್ನುತ್ತಾರೆ. ಜಾಮೀನು ಎಂದು ಇವರು ಕೊಡುತ್ತಿರುವುದು ಇದನ್ನು.

ದೊಡ್ಡ ಸಾಹೇಬರು ತಟ್ಟೆಯಿಂದ ರೇಷ್ಮೆ ಸೀರೆ ಎತ್ತಿಕೊಂಡರು. ಮೊಳಕಾಲ್ಮೂರು ಸೀರೆ, ಗುಲಾಬಿ ಬಣ್ಣ, ಅಗಲ ಅಂಚು. ಫೋಟೋದವನು ಮುಂದೆ ಬಂದ. ಸಾಹೇಬರು ಸೀರೆ ಚಾಚಿದರು. ಬಷೀರುನ್ನೀಸಾ ಕೈ ಚಾಚಲಿಲ್ಲ.

"ತಗೋಮ್ಮ," ಎಂದರು ಸಬ್ ಇನ್ಸ್‌ಪೆಕ್ಟರ್ ಹಿಂದಿನಿಂದ.

ಅವಳ ಕೈಗಳು ಸೆರಗಿನೊಳಗೇ ಇದ್ದವು. ಸಾಹೇಬರು ಫೋಟೋಗಾಗಿ ಸೀರೆ ಹಿಡಿದುಕೊಂಡೇ ನಿಂತರು. ಅವಳು ಮೈಕಿನ ಕಡೆ ತಿರುಗಿದಳು.

"ನನ್ನ ಮಗ ಕಳ್ಳ ಅಲ್ಲ. ಟಿ.ವಿ.ಲಿ ತೋರ್ಸಿ ಯಾರಿವನು ಅಂದ್ರು. ಹೆತ್ತೋಳು ನಾನು, ನನ್ನ ಮಗ ಅಂದೆ. ಅಷ್ಟೇ ನಾನು ಹೇಳಿದ್ದು. ಸರ ಕಳ್ಕೊಂಡ ಲಕ್ಷ್ಮಕ್ಕನೂ ಅವನಲ್ಲ ಅಂದವ್ಳೆ, ಅದನ್ನ ಯಾರೂ ಪೇಪರಿಗೆ ಹಾಕ್ಲಿಲ್ಲ. ಅವನು ಓಡಿಸ್ತಿದ್ದ ಕಪ್ಪು ಬೈಕು ಯಾರ್ದು ಅಂತ ಕೇಳ್ರಿ. ಬೈಕಿನೋರು ಇಲ್ಲೇ ನಿಂತವ್ರೆ. ಖಾಕಿ ಹಾಕ್ಕೊಂಡವ್ರೆ."

ಮೈಕು ಸತ್ತಿತು. ಯಾರೋ ವೈರು ಕಿತ್ತಿದ್ದರು. ಅವಳು ಮಿಲ್ಲಿನ ಯಂತ್ರದ ಸದ್ದಿನಲ್ಲಿ ಮಾತಾಡಿ ರೂಢಿಯಾದವಳು. ಅವಳ ದನಿಗೆ ಮೈಕು ಬೇಕಿರಲಿಲ್ಲ.

"ಅವನ ಕೈ ಮುರಿದು ನಂಗೆ ಸೀರೆ ಉಡಿಸ್ತೀರಾ? ನಂಗೆ ಬ್ಯಾಡ. ನಿಮ್ಮ ಮಿತ್ರಳಾಗಿ ನಾನು ಮಗನ್ನ ಕಳ್ಕೊಂಡೆ. ಇದೂ ಬ್ಯಾಡ."

ಜಾಕೆಟ್ಟು ಬಿಚ್ಚಿ ಕುರ್ಚಿಯ ಮೇಲಿಟ್ಟು ವೇದಿಕೆ ಇಳಿದಳು. ಮಿಲ್ಲಿನ ಹೆಂಗಸರು ಕಾಲು ಹಿಂದೆಗೆದು ದಾರಿ ಬಿಟ್ಟರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ನಗಲೂ ಇಲ್ಲ.

ಕಾರ್ಯಕ್ರಮ ನಿಲ್ಲುವಂತಿರಲಿಲ್ಲ. ದೊಡ್ಡ ಸಾಹೇಬರನ್ನು ಅವಸರದಲ್ಲಿ ಅಂಗಳಕ್ಕೆ ಕರೆತಂದರು. ಕೈಗೆ ಹಸಿರು ಬಾವುಟ ಕೊಟ್ಟರು. ಗಸ್ತಿನ ಮೊದಲ ಬೈಕು ಏರಬೇಕಾದವನು ಮಹಾಂತೇಶ. ಅವನು ಒಂದು ಕಾಲು ಎತ್ತಿ ಸೀಟಿನ ಮೇಲೆ ಹಾಕಿ, ರೂಢಿಯಂತೆ ಕೇಳಿದ.

"ಸಾಬ್ರೇ, ಬ್ರೇಕು ಸರಿ ಐತೇನ್ರಿ?"

"ಕಟ್ಟೀನಿ," ಎಂದ ಬುಡೇನ್ ಸಾಬ್. "ಟ್ರಯಲ್ ನೋಡಿಲ್ಲ."

"ಯಾಕೆ?"

"ನೋಡಿದ್ರೆ ಒಳಗೆ ಹಾಕ್ತೀರಿ ಅಲ್ವಾ? ಟ್ರಯಲ್ ನೋಡೋ ಹುಡುಗ ನಿಮ್ಮತ್ರನೇ ಅವ್ನೆ. ಅವನ ಕೈ ಸರಿಯಾದ ಮೇಲೆ ಕೇಳ್ರಿ. ಅಲ್ಲೀತನಕ ಈ ಊರಾಗೆ ಯಾವ ಮೆಕ್ಯಾನಿಕ್ಕೂ ನಿಮ್ಮ ಗಾಡಿ ಏರಂಗಿಲ್ಲ. ಎಲ್ರೂ ಮಾತಾಡ್ಕೊಂಡೀವಿ. ಹೇಳ್ದೆ ಕೊಟ್ಟಿದ್ರೆ ಪಾಪ ನಂದು, ಅದಕ್ಕೇ ಹೇಳ್ತಿದೀನಿ."

ಮಹಾಂತೇಶ ಬ್ರೇಕಿನ ಪೆಡಲನ್ನು ಒಮ್ಮೆ ತುಳಿದು ನೋಡಿದ. ಸೀಟಿನಿಂದ ಕಾಲನ್ನು ಮೆಲ್ಲಗೆ ಇಳಿಸಿದ. ಹಿಂದಿನವರೂ ಇಳಿದರು. ಸಾಹೇಬರ ಕೈಯಲ್ಲಿ ಬಾವುಟ ಹಾಗೇ ಇತ್ತು.

ಕೊನೆಗೆ ಹಾರ ಹಾಕಿದ ಬೈಕುಗಳನ್ನು ಪೊಲೀಸರು ಬಿಸಿಲಿನಲ್ಲಿ ತಳ್ಳಿಕೊಂಡೇ ಠಾಣೆಗೆ ತಂದರು. ಅಂಗಡಿಯವರು ಹೊರಗೆ ಬಂದು ನೋಡಿದರು. ಠಾಣೆಯ ಗೇಟಿನೆದುರು ಬಷೀರುನ್ನೀಸಾ ನೆಲದ ಮೇಲೆ ಕೂತಿದ್ದಳು, ಬೀಜ ಆರಿಸಲು ಕೂರುವ ಹಾಗೆ. ಮಹಾಂತೇಶ ಬೆವರುತ್ತಾ ಹತ್ತಿರ ಬಂದ.

"ನನ್ನ ಮಗ ಉಂಡ್ನೇನಪ್ಪಾ?" ಎಂದು ಕೇಳಿದಳು.

ಅವನು ಬೈಕು ತಳ್ಳಿಕೊಂಡು ಒಳಗೆ ಹೋದ. ಗೇಟು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಯಾರೋ ಕೂಗಿದ್ದು ಕೇಳಿಸಿತು. ಅದು ತಾರಿಕ್‌ನ ದನಿಯೋ ಅಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗದಿದ್ದುದೇ ಅವಳನ್ನು ಕೊಂದಿತು. ಎದ್ದು ಗೇಟು ಬಡಿದಳು. ಇನ್ನೊಬ್ಬ ಪೊಲೀಸ್ ಕಿಂಡಿಯಿಂದ ಮುಖ ತೋರಿಸಿದ.

"ಹೋಗಮ್ಮ ಇಲ್ಲಿಂದ. ಮೇಲೆ ಕ್ಯಾಮೆರಾ ಐತೆ, ಎಲ್ಲಾ ರೆಕಾರ್ಡ್ ಆಗ್ತೈತೆ. ಆಮೇಲೆ ನಿನಗೇ ತೊಂದ್ರೆ."

ಅವಳು ತಲೆಯೆತ್ತಿ ಕಂಬದ ಮೇಲಿನ ಕ್ಯಾಮೆರಾವನ್ನು ನೋಡಿದಳು. ಮಗನ ಬೆನ್ನು ಹಿಡಿದಂಥದ್ದೇ ಕ್ಯಾಮೆರಾ. ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿ ಮುಖವನ್ನು ಪೂರ್ತಿ ಅದರ ಕಡೆ ತಿರುಗಿಸಿದಳು. ಮತ್ತೆ ಅದೇ ಜಾಗದಲ್ಲಿ ಕೂತಳು.

"ಐತಲ್ಲ, ಸರಿಯಾಗಿ ನೋಡ್ಲಿ. ನಾಳೆ ಟಿ.ವಿ.ಲಿ ತೋರ್ಸಿ ಯಾರಿವಳು ಅಂತ ಕೇಳ್ತಾರಲ್ಲ, ಆವಾಗ ಹೇಳು. ತಾರಿಕ್‌ನ ತಾಯಿ ಅಂತ ಹೇಳು."